ನಡುವಿನ ದನಿ

ಹಲೋ? ಹಲೋ, ತಾನ್-ರಾಲ್ಟ್ ಮನೆ ತಾನೇ? ಯಾರು ಮಾತಾಡ್ತಿರೋದು? …

ಯಾರು? …

ಓ, ಜಿತ್ಕಾ. ನನ್ನ ಅತ್ತೆ ಮನೆ ಫೋನು ಈಗ ನೀನು ಎತ್ತೋ ಹಾಗಾಯ್ತಾ. … ಅಲ್ಲ, ತಪ್ಪು ಅಂತ ಅಲ್ಲ. ಪಕ್ಕದಲ್ಲೇ ಇದ್ದೆ, ಎತ್ತಿದೆ. ಸರಿ. …

ನೋಡು, ನನ್ನ ಹತ್ರ ವೆಲ್ಷ್ ಬೇಡ. ಇಂಗ್ಲಿಷಲ್ಲೇ ಹೇಳು. ನಿನಗೆ ಚೆನ್ನಾಗೇ ಬರುತ್ತಲ್ಲ. ನಮ್ಮ ಗೆಸ್ಟ್‌ಹೌಸಿಗೆ ಬಂದ ದಿನವೇ, ಷವರಲ್ಲಿ ಬಿಸಿನೀರು ಬರ್ತಿಲ್ಲ ಅಂತ ಒಂದು ತಪ್ಪಿಲ್ಲದೆ ಹೇಳಿದ್ದೆ. … ಹಾಂ, ಲಿನೆಟ್ಟೇ. ಇನ್ಯಾರು? …

ಮೆನ್ನ ಇದ್ದಾಳಾ? ನನ್ನ ನಾದಿನಿ. ನಿನ್ನೆ ಕಾರ್ಡಿಫ್‌ನಿಂದ ಬಂದಿದ್ದಾಳಲ್ಲ, ಅವಳನ್ನ ಕರಿ. … ಇಲ್ಲ, ನೈನ್‌ಗೆ, ನಮ್ಮತ್ತೆಗೆ, ಕೊಡಬೇಡ. ಮೆನ್ನಗೆ. … ಮತ್ತೆ ಜಿತ್ಕಾ, ನಿನ್ನ ತಿಂಡಿ ಮುಟ್ಟದೆ ಹೋಗಿದ್ದೀಯ. ಮೊಟ್ಟೆ ಈಗ ರಬ್ಬರಾಗಿದೆ. … ಹೇಳ್ತಿದ್ದೀನಿ ಅಷ್ಟೇ. …

ಮೆನ್ನ? ಹಾಂ, ನಾನು. ದಾರಿಯಲ್ಲಿ ಹಿಮ ಇತ್ತಾ? … ಬೆರ್ವಿನ್ ಬೆಟ್ಟದ ಮೇಲಿನ ರಸ್ತೆ ಮುಚ್ಚಿದ್ದಾರಂತೆ. ನಿಮ್ಮಣ್ಣ ಹಾಲಿನ ಟ್ಯಾಂಕರ್ ತಗೊಂಡು ಸುತ್ತು ಹಾಕಿ ಬರ್ತೀನಿ ಅಂದ. ಸಂಜೆ ಹಾಡೋ ಹೊತ್ತಿಗೆ ಬಂದ್ರೆ ನಮ್ಮ ಪುಣ್ಯ. …

ಏನೂ ಆಗಿಲ್ಲ. ಮಕ್ಕಳು ಚೆನ್ನಾಗಿದ್ದಾರೆ. ನೀನು ಸ್ವಲ್ಪ ಬಾಗಿಲು ಮುಚ್ಕೋ. … ಮುಚ್ಕೋ ಅಂದ್ರೆ ಮುಚ್ಕೋ. ಅವಳಿಗೆ ಕೇಳಿಸಬಾರದು. …

ಅದಾ? ಫೋನಿನ ಸದ್ದು. ಬ್ಯಾಟರಿ ಮುಗೀತಾ ಬಂದಿದೆ. ಫೋನು ವಾಪಸ್ ಸ್ಟ್ಯಾಂಡಿನ ಮೇಲಿಡೋಕೆ ನಮ್ಮ ಮನೇಲಿ ಯಾರಿಗೂ ಕೈ ಬರಲ್ಲ. ಎಲ್ಲದಕ್ಕೂ ನಾನೇ ಆಗಬೇಕು. ಕೀ ಕೀ ಅಂತ ಕೂಗ್ಲಿ ಬಿಡು. …

ಮೆನ್ನ, ಒಂದು ಮಾತು ಕೇಳ್ತೀನಿ, ನೆಟ್ಟಗೆ ಹೇಳು. ಇವತ್ತು ಸಂಜೆ ಪ್ಲಗೈನ್ ಹಾಡುಗಾರಿಕೆಗೆ ನಿಮ್ಮ ಮನೆಯಿಂದ ಯಾರು ಯಾರು ಎದ್ದು ಹಾಡ್ತೀರಿ? …

ನೋಡ್ಬೇಕು ಅಂದ್ರೆ? ಇನ್ನೇನು ಏಳು ಗಂಟೆಗೆ ಚರ್ಚಲ್ಲಿ ಶುರು, ಈಗ ಹನ್ನೊಂದು. ನೀನು ಮೇಲ್ದನಿ. ನೈನ್ ಕೆಳದನಿ. ಕೈನ್ವೆನ್ ಚಿಕ್ಕಮ್ಮ ಆಗಸ್ಟಲ್ಲಿ ತೀರ್ಕೊಂಡ್ರಲ್ಲ, ಅವರ ಜಾಗಕ್ಕೆ ಯಾರು? ನಡುವಿನ ದನಿ ಯಾರದು? …

ಸುತ್ತಿಬಳಸಬೇಡ ಕಣೇ. ನನಗೆ ಗೊತ್ತಾಗಿದೆ. ಈಗ ತಾನೇ ಮೂರನೇ ಕೋಣೆಗೆ ಹೋಗಿದ್ದೆ, ಜಿತ್ಕಾಳ ಹಾಸಿಗೆ ಬಟ್ಟೆ ಬದಲಾಯಿಸೋಕೆ. ದಿಂಬಿನ ಪಕ್ಕ ಏನಿತ್ತು ಹೇಳು. …

ನಿಮ್ಮ ಹಾಡಿನ ಪುಸ್ತಕ. ಹಾಂ, ಅದೇ. ಕಂದು ರಟ್ಟು, ರಬ್ಬರ್ ಬ್ಯಾಂಡು, ನಿಮ್ಮ ಮುತ್ತಜ್ಜ ಕೈಯಾರೆ ಬರೆದದ್ದು. ಅದರ ಮೇಲೆ ಅವಳ ಬಾಚಣಿಗೆ. ಬಾಚಣಿಗೆಯಲ್ಲಿ ಕೂದಲು ಬೇರೆ. …

ನಾನು ಮುಟ್ಟಲಿಲ್ಲ. ಬಾಚಣಿಗೆ ಮಾತ್ರ ತೆಗೆದು ಕೆಳಗಿಟ್ಟೆ. …

ಕೋಪ ಇಲ್ಲ. ಯಾರು ಹೇಳಿದ್ದು ಕೋಪ ಅಂತ? ಹದಿನೇಳು ವರ್ಷದಲ್ಲಿ ಒಂದೇ ಒಂದು ಸಲ ನಾನು ಆ ಪುಸ್ತಕ ಕೈಗೆ ತಗೊಂಡಿದ್ದೆ, ಗೊತ್ತಾ? ನಮ್ಮ ಮಾಬ್ಲಿ ಹುಟ್ಟಿದ ವರ್ಷ. ನೈನ್‌ಗೆ ಸೊಂಟ ಹಿಡಿದಿತ್ತು, ನಾನು ಬೀರುವಿನ ಧೂಳು ಹೊಡೀತಿದ್ದೆ. ಅವರು ಎದ್ದು ಬಂದ್ರು. ಸೊಂಟ ಹಿಡ್ಕೊಂಡೇ ಬಂದ್ರು. ನನ್ನ ಕೈಯಿಂದ ಮೆತ್ತಗೆ ತಗೊಂಡು, ಇದು ಇರ್ಲಿ, ಇದನ್ನ ನಾನೇ ಒರೆಸ್ತೀನಿ ಅಂದ್ರು. ಎಷ್ಟು ಮೆತ್ತಗೆ ಅಂದ್ರೆ ಇವತ್ತಿಗೂ ಕೈಯಲ್ಲಿ ಹಾಗೇ ಇದೆ ಅದು. …

ಗೊತ್ತು, ಬೇಕು ಅಂತ ಮಾಡಿದ್ದಲ್ಲ. ಬೇಕು ಅಂತ ಮಾಡಿದ್ರೆ ಜಗಳ ಆಡಬಹುದಿತ್ತು. …

ಹತ್ತು ವಾರ. ಅಷ್ಟೇ ಅವಳು ಬಂದು. ಪ್ರಾಗಿನಿಂದ ವೆಲ್ಷ್ ಕಲಿಯೋಕೆ ಅಂತ ಬಂದ ಹುಡುಗಿ. ಆರು ಕೋಣೆಯಲ್ಲಿ ಒಂದಕ್ಕಾದ್ರೂ ಜನ ಬಂತಲ್ಲ ಈ ಚಳಿಗಾಲದಲ್ಲಿ ಅಂತ ನಾನು ಸಂತೋಷಪಟ್ಟೆ. ಅವಳನ್ನ ನಿಮ್ಮಮ್ಮನ ಮನೆಗೆ ಕರ್ಕೊಂಡು ಹೋದದ್ದೂ ನಾನೇ. ಕಾರಲ್ಲಿ. ಇವಳಿಗೆ ಸ್ವಲ್ಪ ಮಾತು ಅಭ್ಯಾಸ ಮಾಡಿಸಿ ನೈನ್, ಅಂತ ಹೇಳಿ ಬಿಟ್ಟು ಬಂದೆ. ನನ್ನ ಕೈಯಾರೆ. …

ಹಾಂ ನಗು. ಅವಳೇನು ಮಾಡಿದ್ಲು ಗೊತ್ತಾ? ಹೊಸ್ತಿಲ ಮೇಲೆ ನಿಂತು, ನನಗೆ ಇಂಗ್ಲಿಷ್ ಬರಲ್ಲ ಅಂದ್ಲು. ಅಪ್ಪಟ ಸುಳ್ಳು. ನಾನು ಪಕ್ಕದಲ್ಲೇ ನಿಂತಿದ್ದೀನಿ, ಕಾರಲ್ಲಿ ದಾರಿಯುದ್ದಕ್ಕೂ ನನ್ನ ಜೊತೆ ಇಂಗ್ಲಿಷಲ್ಲಿ ಹರಟಿದ್ದಾಳೆ. ನಿಮ್ಮಮ್ಮ ನಂಬಿದ್ರು. ಪಾಪ ಅಂತ ಒಳಗೆ ಕರೆದು, ಅವತ್ತಿಂದ ಅವಳ ಹತ್ರ ವೆಲ್ಷ್ ಬಿಟ್ಟು ಬೇರೆ ಮಾತಿಲ್ಲ. …

ನಂಬಲಿಲ್ವಾ? ಸುಳ್ಳು ಅಂತ ನೈನ್‌ಗೆ ಗೊತ್ತಾ? … ಮತ್ತೆ? … ಸುಳ್ಳು ಇಷ್ಟ ಆಯ್ತಂತಾ. ಚೆನ್ನಾಗಿದೆ. ನಾನು ಹದಿನೇಳು ವರ್ಷ ನಿಜ ಹೇಳ್ಕೊಂಡು ಬಂದೆ, ನನಗೆ ಇಂಗ್ಲಿಷು. …

ಹೌದು, ಗೊತ್ತು ಕಣೇ, ನಿಮ್ಮೂರ ಪದ್ಧತಿ. ಒಬ್ಬರ ಹತ್ರ ಮೊದಲ ದಿನ ಯಾವ ಭಾಷೆ ಬಾಯಿಗೆ ಬಂತೋ, ಸಾಯೋವರೆಗೂ ಅದೇ. ಆಮೇಲೆ ಬದಲಾಯಿಸಿದ್ರೆ ಬೇರೆಯವರ ಕೋಟು ಹಾಕ್ಕೊಂಡ ಹಾಗೆ ಅನ್ಸುತ್ತೆ ಅಂತ ನೀನೇ ಹೇಳಿದ್ದೆ. ನಾನು ಇಂಗ್ಲೆಂಡಿನ ಬೋಲ್ಟನ್‌ನಿಂದ ಬಂದ ದಿನ ನಿಮ್ಮಮ್ಮ ಮರ್ಯಾದೆಗೆ ಅಂತ ಇಂಗ್ಲಿಷಲ್ಲಿ, ಒಳಗೆ ಬಾ, ಕೂತ್ಕೋ ಅಂದ್ರು. ಅಲ್ಲೇ ಕೂತಿದ್ದೀನಿ. …

ಮಕ್ಕಳೂ ಅಷ್ಟೇ. ಮಾಬ್ಲಿ, ಗೆತಿನ್ ಇಬ್ಬರೂ ಅಡುಗೆಮನೆಯಲ್ಲಿ ಅಪ್ಪನ ಜೊತೆ ಕಿಲಕಿಲ ಅಂತಿರ್ತಾರೆ. ನಾನು ಒಳಗೆ ಕಾಲಿಟ್ಟ ತಕ್ಷಣ ಇಂಗ್ಲಿಷ್. ರೇಡಿಯೋ ಸಣ್ಣಗೆ ಮಾಡಿದ ಹಾಗೆ. ನಾನು ಒಂಬತ್ತು ತಿಂಗಳು ಹೊತ್ತದ್ದು ಕಣೇ ಅವರನ್ನ. ಈಗ ನೋಡು, ಬೆಳಿಗ್ಗೆ ನಾನು ಟೋಸ್ಟ್ ತಗೊಂಡು ಹೋದ್ರೆ ಮಾಬ್ಲಿ ಆ ಜಿತ್ಕಾ ಪಕ್ಕ ಕೂತು ಏನೋ ಹೇಳ್ಕೊಂಡು ನಗ್ತಿರ್ತಾಳೆ. ಏನೇ ಅದು ಅಂದ್ರೆ, ಏನಿಲ್ಲಮ್ಮ, ಇಂಗ್ಲಿಷಲ್ಲಿ ಹೇಳಿದ್ರೆ ನಗು ಬರಲ್ಲ ಅಂತಾಳೆ. …

ಹಾಂ. …

ಹಾಂ, ಹೊಟ್ಟೆಕಿಚ್ಚೇ. ಹೇಳ್ಬಿಟ್ಟೆ. ಈಗ ಸಮಾಧಾನಾನಾ? …

ಎಲ್ಲಿಂದ ಮಾತಾಡ್ತಿದ್ದೀನಾ? ಐದನೇ ಕೋಣೆ. … ಜನ ಯಾರೂ ಇಲ್ಲ, ಖಾಲಿ. ಕಿಟಕಿ ಕಟ್ಟೆ ಮೇಲೆ ಸತ್ತ ನೊಣ ಗುಡಿಸೋಕೆ ಬಂದೆ, ಗುಡಿಸ್ತಾ ಗುಡಿಸ್ತಾ ನಿನಗೆ ಫೋನ್ ಮಾಡಿದೆ. ಅಲ್ಲ. ಸುಳ್ಳು ಯಾಕೆ. ದಿನಾ ಬರ್ತೀನಿ ಇಲ್ಲಿಗೆ. …

ಏನು ಮಾಡೋದು ಅಂದ್ರೆ… ಮೆನ್ನ, ಯಾರಿಗೂ ಹೇಳಬಾರದು. ನಿಮ್ಮಣ್ಣ ಇದ್ವಾಲ್‌ಗೂ ಗೊತ್ತಿಲ್ಲ. ಈ ಕೋಣೆ ತುಂಬ ಚೀಟಿ ಅಂಟಿಸಿದ್ದೀನಿ. ಕಿಟಕಿ, ಕನ್ನಡಿ, ದಿಂಬು, ಹೊದಿಕೆ, ನಲ್ಲಿ. ಎಲ್ಲದರ ಮೇಲೂ ವೆಲ್ಷ್ ಹೆಸರು. ಎರಡು ವರ್ಷ ಆಯ್ತು. ಮಂಗಳವಾರ ಸೋಪಿನ ಪುಡಿ ತರೋಕೆ ಅಂತ ಪೇಟೆಗೆ ಹೋಗ್ತೀನಲ್ಲ, ಕ್ಲಾಸಿಗೆ ಹೋಗೋದು. ಬರಿಗೈಲಿ ಬರೋ ಹಾಗಿಲ್ಲ, ಅದಕ್ಕೆ ಪುಡಿನೂ ತರ್ತೀನಿ. ಮೆಟ್ಟಿಲ ಕೆಳಗೆ ಬಂದು ನೋಡು, ಇಡೀ ಕಣಿವೆ ಬಟ್ಟೆ ಒಗೆಯೋಷ್ಟು ಪುಡಿ ಇದೆ. ನಿಮ್ಮಣ್ಣ ಒಂದು ದಿನ ಕೇಳಲಿಲ್ಲ, ಇಷ್ಟು ಯಾಕೆ ಅಂತ. …

ನಗಬೇಡ. ಅಳ್ತಿದ್ದೀಯಾ ನಗ್ತಿದ್ದೀಯಾ? …

ಯಾಕೆ ಹೇಳಲಿಲ್ಲ ಅಂದ್ರೆ ಏನು ಹೇಳ್ಲಿ? ಮೊದಲೊಂದು ಸಲ ನಿಮ್ಮಮ್ಮನಿಗೆ ವೆಲ್ಷಲ್ಲಿ ಶುಭೋದಯ ಅಂದೆ. ಅವರು ಇಂಗ್ಲಿಷಲ್ಲಿ, ಭೇಷ್ ಮರಿ, ಅಂದ್ರು. ನಾಯಿ ಪಂಜ ಕೊಟ್ಟಾಗ ಅನ್ನಲ್ವಾ, ಹಾಗೆ. ಅಂಗಡೀಲಿ ಅರ್ಧ ಮಾತು ಆಡಿದ್ರೆ ಸಾಕು, ಅವರೆಲ್ಲ ಕನಿಕರದಿಂದ ಇಂಗ್ಲಿಷಿಗೆ ಬಂದ್ಬಿಡ್ತಾರೆ. ಪೂರ್ತಿ ಕಲಿತ ಮೇಲೇ ಬಾಯಿ ಬಿಡೋಣ ಅಂದ್ಕೊಂಡೆ. ಪೂರ್ತಿ ಯಾವಾಗ ಆಗುತ್ತೋ ಏನೋ. …

ಚೆನ್ನಾಗಿ ಎಲ್ಲಿ ಬರುತ್ತೆ. ಪುಸ್ತಕವೇ ಎದ್ದು ನಿಂತು ಮಾತಾಡಿದ ಹಾಗೆ ಇರುತ್ತೆ ನಂದು. ನಿಮ್ಮ ಹಾಗೆ ಬಾಯಲ್ಲಿ ಉರುಳಲ್ಲ. …

ಕೀ ಅಂತು ನೋಡು, ಮತ್ತೆ. ಬೇಗ ಹೇಳ್ತೀನಿ. ಚಿಕ್ಕಮ್ಮ ಹೋದಾಗ ನನಗೆ ಅನ್ಸಿತ್ತು, ಒಂದು ಸಲ ನೈನ್ ಕೇಳಬಹುದು ಅಂತ. ಲಿನೆಟ್, ಆ ಜಾಗಕ್ಕೆ ನೀನು ನಿಲ್ತೀಯಾ ಅಂತ. ಹದಿನೇಳು ಚಳಿಗಾಲ ಆ ಹಿಂದಿನ ಬೆಂಚಲ್ಲಿ ಕೂತು ನೋಡಿದ್ದೀನಿ. ಒಂದು ಮನೆಯವರು ಏಳ್ತಾರೆ, ಮುಂದೆ ಹೋಗಿ ತಮ್ಮ ಮನೆಯ ಕ್ರಿಸ್‌ಮಸ್ ಹಾಡು ಹಾಡ್ತಾರೆ, ಚಪ್ಪಾಳೆ ಇಲ್ಲ ಏನಿಲ್ಲ, ತಲೆ ತಗ್ಗಿಸಿ ಬಂದು ಕೂರ್ತಾರೆ. ಇನ್ನೊಂದು ಮನೆ ಏಳುತ್ತೆ. ಒಂದು ಮನೆ ಹಾಡು ಇನ್ನೊಂದು ಮನೆಯವರು ಮುಟ್ಟಲ್ಲ. ನಮ್ಮ ಮನೆ ಎದ್ದಾಗ ನಾನು ಕೋಟು ಬ್ಯಾಗು ಕಾಯ್ತಾ ಕೂತಿರ್ತೀನಿ. ಕೊನೇ ಹಾಡಿಗೆ ಮೆಲ್ಲಗೆ ಎದ್ದು ಊಟದ ಹಾಲ್‌ಗೆ ಹೋಗಿ ಬ್ರೆಡ್ಡಿಗೆ ಬೆಣ್ಣೆ ಹಚ್ತೀನಿ. …

ಮೊಟ್ಟೆ ಸ್ಯಾಂಡ್‌ವಿಚ್ ಚೆನ್ನಾಗಿರುತ್ತೆ, ಹಾಂ, ಎಲ್ಲರೂ ಹೇಳ್ತಾರೆ. ಅದರಲ್ಲಿ ಏನು ಹಾಕ್ತೀಯ ಅಂತ ಇಡೀ ಊರು ಕೇಳಿದೆ. ನಿಮ್ಮಮ್ಮನೂ ಕೇಳಿದ್ರು. ಹೇಳಿಲ್ಲ. ನಿಮಗೆ ಹಾಡಿನ ಗುಟ್ಟು ಇದ್ರೆ ನನಗೂ ಒಂದು ಇರ್ಲಿ. …

ಮಾಬ್ಲಿ ನಿಂತಿದ್ರೆ ನಾನು ಒಂದು ಮಾತು ಆಡ್ತಿರಲಿಲ್ಲ. ಅವಳು ಯುವ ರೈತರ ತಂಡದಲ್ಲಿ ಹಾಡ್ತಾಳೆ, ಅಲ್ಲಿ ಯಾರೋ ಹುಡುಗ ಇದ್ದಾನೆ, ಸರಿ. ಆದ್ರೆ ಹತ್ತು ವಾರದ ಹಿಂದೆ ಬಂದವಳನ್ನ ಕರೀತಾರೆ, ನನ್ನನ್ನ ಯಾರೂ ಕರೆಯಲ್ಲ. …

ಏನಂದೆ? …

ಕರೆಯಲಿಲ್ವಾ? ಹಾಗಾದ್ರೆ ಪುಸ್ತಕ? … ಅವಳೇ ಕೇಳಿದ್ಲಾ? ಹೇಗೆ ಕೇಳಿದ್ಲು? … ಮೂರನೇ ದಿನ. ಹೊಸ್ತಿಲ ಮೇಲೆ. ನನಗೆ ಇದನ್ನ ಕಲಿಸಿಕೊಡಿ ಅಂತ. ಅಷ್ಟೇನಾ? …

ಅಷ್ಟೇನಾ? …

ಯಾರನ್ನೂ ಕರೆಯೋ ಪದ್ಧತಿ ಇಲ್ವಾ. ನಿನ್ನನ್ನೂ ಕರೆದಿಲ್ವಾ? … ಹದಿಮೂರು ವರ್ಷಕ್ಕೆ ನೀನೇ ಎದ್ದು ಅವರ ಹಿಂದೆ ಹೋಗಿ ನಿಂತ್ಕೊಂಡೆ. ಹಾಂ. … ಅಲ್ಲ, ನೀನು ಮಗಳು ಕಣೇ. ನೀನು ಎದ್ದು ಹೋಗಬಹುದು. ನಾನು ಹಾಗೆ ಎದ್ದು ಹೋಗಿದ್ರೆ? …

ನಾನಾ? ನಾನು ಯಾವಾಗ ಹಾಗಂದೆ? …

ಮೊದಲನೇ ವರ್ಷ. ಹಾಂ, ಅಂದೆ. ಊಟದ ಕೆಲಸ ನಾನು ನೋಡ್ಕೋತೀನಿ ಅಂದೆ. ಹೊಸ ಸೊಸೆ, ಸುಮ್ನೆ ಕೂತಿರೋಕೆ ಸಂಕೋಚ ಆಗ್ತಿತ್ತು, ಅಂದೆ. ಒಂದು ಸಲ ಅಂದದ್ದಕ್ಕೆ ಹದಿನೇಳು ವರ್ಷಾನಾ? … ಓ. ಅದೂ ಪದ್ಧತಿ. ಚಹಾ ಮಾಡಿದವರು ಚಹಾನೇ ಮಾಡ್ತಾರೆ. ಇವಳಿಗೆ ಹಾಡೋದು ಇಷ್ಟ ಇಲ್ಲ ಅಂತ ನೈನ್ ತಿಳ್ಕೊಂಡ್ರಾ? …

ಇಷ್ಟು ವರ್ಷ? …

ಸ್ವಲ್ಪ ತಡಿ. ಕೂತ್ಕೋತೀನಿ. …

ಬರುತ್ತೆ. ನಡುವಿನ ದನಿ ಪೂರ್ತಿ ಬರುತ್ತೆ. ನಾಲ್ಕೂ ಹಾಡು. ಪುಸ್ತಕ ಯಾಕೆ ಬೇಕು, ಕೇಳಿ ಕೇಳಿ ಬಂದಿದೆ. ಹಾಸಿಗೆ ಬಟ್ಟೆ ಮಡಿಸುವಾಗ ಹಾಡ್ತೀನಿ, ಎದುರಿನ ತುದಿ ಹಿಡಿಯೋಕೆ ಯಾರೂ ಇರಲ್ವಲ್ಲ, ಬಾಯಿಗೆ ಕೆಲಸ ಇರ್ಲಿ ಅಂತ. …

ಈಗಾ? ಫೋನಲ್ಲಾ? ಹುಚ್ಚಾ ನಿನಗೆ. …

ಆಯ್ತು. ಒಂದೇ ನುಡಿ. ನೀನು ನಗಬಾರದು. ತಡಿ, ಬಾಗಿಲು ಹಾಕ್ತೀನಿ. …

………………

ಅಷ್ಟೇ. …

ಮೆನ್ನ? ಇದ್ದೀಯಾ? … ನೀನೂ ಜೊತೆಗೆ ಹಾಡಿದೆ ಅಲ್ವಾ? ಎರಡನೇ ಸಾಲಿಂದ. ನನಗೆ ಕೇಳಿಸ್ತು. … ಮತ್ತೆ ಕೆಳದನಿನೂ ಬಂತಲ್ಲ. ಬಾಗಿಲು ಯಾವಾಗ ತೆಗೆದೆ? ನೈನ್ ಕೇಳಿಸ್ಕೊಂಡ್ರಾ? ಅಬ್ಬ, ಎಪ್ಪತ್ತೆಂಟಕ್ಕೆ ಎಷ್ಟು ಗಟ್ಟಿ ದನಿ ಕಣೇ, ನಡುಕವೇ ಇಲ್ಲ… …

ಯಾರು? …

ಜಿತ್ಕಾನಾ ಅದು? …

ಕೆಳದನಿ ಯಾಕೆ ಅವಳು ಹಾಡ್ತಾಳೆ? ಅದು ನೈನ್‌ದು. ಅವಳು ಕಲೀತಿರೋದು ನಡುವಿನ ದನಿ ಅಲ್ವಾ? …

ಹಾಂ. …

ಯಾವಾಗಿಂದ? … ನವೆಂಬರ್ ಕೆಮ್ಮು, ಅದು ಹೋಯ್ತಲ್ಲ? … ಒಂದು ಸಾಲಿಗೂ ನೈನ್‌ಗೆ ಉಸಿರು ಸಾಲಲ್ವಾ. ಡಾಕ್ಟರ್ ಏನಂದ್ರು? … ನನಗೆ ಯಾಕೆ ಯಾರೂ ಹೇಳಲಿಲ್ಲ ಮೆನ್ನ? …

ನನ್ನ ಮುಂದೇನೇ ಹೇಳಿದ್ರಾ? ಯಾವಾಗ? … ಕ್ರಿಸ್‌ಮಸ್ ದಿನ. ನನ್ನ ಮನೇಲಿ, ನನ್ನ ಮೇಜಲ್ಲಿ. ನಾನು ಬೇಯಿಸಿದ ಬಾತುಕೋಳಿ ಹೋಳು ಮಾಡ್ತಾ ನಿಂತಿದ್ದೆ. ಇದ್ವಾಲ್ ಕಣ್ಣೊರೆಸಿಕೊಂಡ, ಈರುಳ್ಳಿ ಅಂದ್ಕೊಂಡೆ. …

ಇಲ್ಲ, ತಿಳೀಲಿಲ್ಲ. ಎರಡು ವರ್ಷದ ಸೋಪಿನ ಪುಡಿ ತಂದೂ ತಿಳೀಲಿಲ್ಲ. ನೀವು ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ತುಂಬಾ ಬೇಗ ಹೋಗ್ಬಿಡುತ್ತೆ ಕಣೇ. …

ಮತ್ತೆ ನಡುವಿನ ದನಿ? …

ಯಾರೂ ಇಲ್ವಾ. ನೀನು ಮೇಲೆ, ಅವಳು ಕೆಳಗೆ, ನಡುವೆ ಖಾಲಿ ಬಿಟ್ಟು ಇಬ್ಬರೇ ಹಾಡೋದಾ? ಅದು ಹೇಗಿರುತ್ತೆ? … ನೈನ್ ಹಾಗಂದ್ರಾ? ಖಾಲಿ ಇರ್ಲಿ ಅಂದ್ರಾ? ಯಾರಿಗೆ ಅಂತ ಹೇಳಿದ್ರಾ? … ಹೇಳಲಿಲ್ಲ. ಹಾಂ. ಹೇಳಲ್ಲ ಅವರು. …

ಇಲ್ಲ ಕಣೇ, ಅಳ್ತಿಲ್ಲ. ಇಲ್ಲಿ ಹೀಟರ್ ಹಾಕಿಲ್ಲ, ಮೂಗು ಸೋರ್ತಿದೆ. …

ಅವಳ ಪಕ್ಕ ನಿಲ್ಲಬೇಕಾ? ನಾನು ನಡುವೆ ಅಂದ್ರೆ, ಈ ಕಡೆ ನೀನು, ಆ ಕಡೆ ಅವಳು. ಭುಜಕ್ಕೆ ಭುಜ. … ಹಾಡ್ತಾಳೆ, ಚೆನ್ನಾಗೇ ಹಾಡ್ತಾಳೆ. ಇಲ್ಲ ಅಂದ್ನಾ? ಅದೇ ತಾನೇ ನನ್ನ ಹೊಟ್ಟೆ ಉರಿಯೋದು. ಕೆಟ್ಟದಾಗಿ ಹಾಡಿದ್ರೆ ಅವಳಿಗೆ ಎರಡು ಮೊಟ್ಟೆ ಜಾಸ್ತಿ ಬೇಯಿಸಿ ಕೊಡ್ತಿದ್ದೆ. …

ಬೇಡ, ಮೆನ್ನ. ನೈನ್‌ಗೆ ಕೊಡಬೇಡ ಫೋನು. ಸಂಜೆ ನಾನೇ ನೋಡ್ಕೋತೀನಿ. ಮೆನ್ನ, ಕೊಡಬೇಡ, ಬ್ಯಾಟರಿ… …

ನೈನ್. … ಹಾಂ, ನಾನೇ. … ಚೆನ್ನಾಗಿದ್ದೀನಿ. ನೀವು? … ಇಲ್ಲಿ ಅಷ್ಟೇನೂ ಹಿಮ ಬಿದ್ದಿಲ್ಲ. … ಹಾಂ, ನಾನೇ ಹಾಡಿದ್ದು. …

ನೈನ್, ಒಂದು ನಿಮಿಷ. ಇನ್ನೇನೂ ಹೇಳಬೇಡಿ. ನಾನೀಗ ವೆಲ್ಷಿಗೆ ಬರ್ತೀನಿ. ಎಷ್ಟು ಹೊತ್ತು ಹಿಡಿದ್ರೂ ನೀವು ಇಂಗ್ಲಿಷಿಗೆ ಹೋಗಬೇಡಿ. ಭೇಷ್ ಅಂತನೂ ಅನ್ನಬೇಡಿ. …

ನೈನ್. ನಾನು ಇಂದು ಸಂಜೆ ಹಾಡಲು ಬಯಸುತ್ತೇನೆ. ನಡುವಿನ ದನಿಯನ್ನು. ನನ್ನನ್ನು ಯಾರೂ ಕರೆಯಲಿಲ್ಲ. ಆದ್ದರಿಂದ ನಾನೇ ಬರುತ್ತೇನೆ. …

………

ನೈನ್? ತಾವು ಅಲ್ಲಿ ಇರುವಿರಾ? …

ಕ್ಷಮಿಸಿರಿ. ಬಹಳ ವೇಗ. ಇನ್ನೊಮ್ಮೆ ಹೇಳಿರಿ. … ಇಲ್ಲ, ಇಂಗ್ಲಿಷ್ ಬೇಡ. ಇನ್ನೊಮ್ಮೆ, ಇದರಲ್ಲಿಯೇ. …

ಮೊಟ್ಟೆಗಳು? … ಹೌದು. ನಲವತ್ತು. ಅವು ಬೆಂದಿವೆ. ದೊಡ್ಡ ಪಾತ್ರೆಯಲ್ಲಿ ಇವೆ. … ಯಾರು? ತಾವೇ? ತಾವು ಊಟದ ಕೆಲಸವನ್ನು ಮಾಡುವಿರಾ? …

ಬೇಡ, ತಾವು ನಿಲ್ಲಬಾರದು. ತಮಗೆ ಉಸಿರು… … ಸರಿ. ಕುರ್ಚಿಯಲ್ಲಿ ಕುಳಿತು. ಸರಿ. …

ಬೆಣ್ಣೆಯನ್ನು ಅಂಚಿನವರೆಗೆ ಹಚ್ಚಬೇಕು. … ಅಂಚಿನವರೆಗೆ, ನೈನ್. ತಾವು ಯಾವಾಗಲೂ ನಡುವೆ ಮಾತ್ರ ಹಚ್ಚುತ್ತೀರಿ. …

ತಾವು ನಗುತ್ತಿರುವಿರಾ ಅಥವಾ ಕೆಮ್ಮುತ್ತಿರುವಿರಾ? … ನಿಧಾನ. ನೀರು ಕುಡಿಯಿರಿ. ನಾನು ಕಾಯುತ್ತೇನೆ. …

ಹಾಂ. ಬಳಿಕ ಮೊಟ್ಟೆಗೆ ಒಂದು ಚಮಚ… ಅದರ ಹೆಸರು ನನಗೆ ತಿಳಿಯದು. ಅದು ಹಳದಿ. ಅದು ಮೂಗಿಗೆ ಏರುತ್ತದೆ. … ಅದೇ. ಇನ್ನೊಮ್ಮೆ ಹೇಳಿರಿ. … ಸಾಸಿವೆ. ಹೌದು, ಸಾಸಿವೆ, ಮತ್ತು ಉಪ್ಪಿನಕಾಯಿಯ ಸೀಸೆಯ ನೀರು, ಎರಡು ಚಮಚ. ಅಷ್ಟೇ. ಅದೇ ಗುಟ್ಟು. …

ಹದಿನೇಳು ವರ್ಷಗಳು, ಹೌದು. ತಾವು ಈ ಭಾಷೆಯಲ್ಲಿ ಕೇಳಿರಲಿಲ್ಲ. …

ನೈನ್, ಇನ್ನೊಂದು ಮಾತು. ಅದನ್ನು ಜಿತ್ಕಾಳಿಗೆ ಮಾತ್ರ ಹೇಳಬೇಡಿರಿ. ಹಾಡನ್ನು ಕೊಟ್ಟದ್ದು ಸಾಕು. ಇದು ನಮ್ಮ ಮನೆಯ…